ಮಡಚಿದ ಹೆಬ್ಬೆಟ್ಟು

ಮುನಿಶಾಮಯ್ಯನ ಹೆಸರೆತ್ತಿದರೆ ಸೋಲೂರು ಹೋಬಳಿಯ ಹಳಬರು ಇವತ್ತಿಗೂ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. ಗರಡಿಯ ಗುಂಡುಕಲ್ಲನ್ನು ಹೆಗಲಿಗೇರಿಸಿ ಕೆರೆ ಏರಿಯುದ್ದಕ್ಕೂ ನಡೆದ ಗಂಡು ಅವನು. ಅವನ ಹೆಂಡತಿ ಸಾಕವ್ವ ಎಂಟು ಹಸು ಕರೆದಿಟ್ಟು, ಹೊತ್ತು ಹುಟ್ಟುವ ಮುಂಚೆ ಮೊಸರಿನ ಗಡಿಗೆ ಹೊತ್ತು ಸಂತೆಗೆ ಹೊರಡುತ್ತಿದ್ದವಳು. ಮಗ ಮರಿಯಪ್ಪ, ಬಾವಿಗೆ ಬಿದ್ದ ಎತ್ತಿನ ಹಗ್ಗವನ್ನು ಊರವರು ಬಂದು ಸೇರುವ ತನಕ ಒಬ್ಬನೇ ಹಿಡಿದು ನಿಂತವನು. ಆ ಮರಿಯಪ್ಪನ ಮಗಳು ಕೆಂಚಮ್ಮ.

ಹಾಲು ಕರೆಯುವುದನ್ನು ಅವಳಿಗೆ ಅಜ್ಜಿ ಸಾಕವ್ವನೇ ಕಲಿಸಿದ್ದಳು: ಹೆಬ್ಬೆಟ್ಟನ್ನು ಒಳಕ್ಕೆ ಮಡಚಿ, ಅದರ ಗೆಣ್ಣಿಗೆ ಮೊಲೆತೊಟ್ಟನ್ನು ಒತ್ತಿ ಹಿಂಡಬೇಕು. ಐವತ್ತು ವರ್ಷ ಕೆಂಚಮ್ಮ ಹಾಗೇ ಹಿಂಡಿದಳು. ಅರವತ್ತು ದಾಟುತ್ತಲೇ ಹೆಬ್ಬೆಟ್ಟಿನ ಬುಡ ಗಂಟು ಕಟ್ಟಿತು. ಚೊಂಬು ಕೈಜಾರುತ್ತಿತ್ತು, ಮನೆಯಲ್ಲಿದ್ದ ಒಂದೇ ಸೀಮೆಹಸುವಿನ ಕೆಚ್ಚಲಲ್ಲಿ ಹಾಲು ಉಳಿಯುತ್ತಿತ್ತು. ಹಾಲು ಉಳಿದರೆ ಕೆಚ್ಚಲುಬಾವು ತಪ್ಪಿದ್ದಲ್ಲ.

ಬಿಡದಿಯಲ್ಲಿ ಫ್ಯಾಕ್ಟರಿಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ ಅದು. ಮಗ ಮನೋಹರ್ ಅಲ್ಲಿಗೆ, ಸೊಸೆ ದಿವ್ಯ ಗಾರ್ಮೆಂಟ್ಸಿಗೆ, ನಸುಕಿನಲ್ಲೇ ಬಸ್ಸು ಹತ್ತುತ್ತಿದ್ದರು. ಕರೆಯುವವರಿಲ್ಲದ ಮೇಲೆ ಹಸು ಯಾಕೆಂದು ಮನೋಹರ್ ಪಕ್ಕದೂರಿನ ಬೋರಲಿಂಗಯ್ಯನಿಗೆ ಭಾನುವಾರ ಬಂದು ಹಿಡಿದುಕೊಂಡು ಹೋಗಲು ಹೇಳಿಬಿಟ್ಟ. ಆವತ್ತಿನಿಂದ ಕೆಂಚಮ್ಮ ಮುದ್ದೆಯನ್ನು ಅರ್ಧಕ್ಕೇ ಬಿಟ್ಟೆದ್ದು ಕೊಟ್ಟಿಗೆಗೆ ಹೋಗುತ್ತಿದ್ದಳು.

ಶುಕ್ರವಾರ ಮಾಗಡಿಯಲ್ಲಿ ಕೀಲುನೋವಿನ ಕ್ಯಾಂಪು. ಮಗ ರಜೆ ಹಾಕಿ ಕರೆದೊಯ್ದ. ಸೌಮ್ಯ ಎಂಬ ಡಾಕ್ಟರು, ಕೈಬಲ ಅಳೆಯುವ, ಗಡಿಯಾರದಂತೆ ಮುಳ್ಳಿದ್ದ ಹಿಡಿಯೊಂದನ್ನು ಕೈಗಿಟ್ಟು, ಬಲವೆಲ್ಲ ಹಾಕಿ ಅಮುಕಿ ಎಂದಳು. ಕೆಂಚಮ್ಮ ಹಲ್ಲು ಕಚ್ಚಿ ಅಮುಕಿದಳು. ಮುಳ್ಳು ನಾಲ್ಕಕ್ಕೆ ನಿಂತಿತು.

“ನಾಕೇ ಕೇಜಿನಾ? ಮುನಿಶಾಮಯ್ಯನ ಮೊಮ್ಮಗಳು ಒಂದು ಕುಂಬಳಕಾಯ್ಗೂ ಆಗಲ್ವಲ್ಲವ್ವ!” ಎಂದು ಮನೋಹರ್ ನಕ್ಕ.

“ಬಾಯ್ಮುಚ್ಕಂಡು ನಿಂತ್ಕಳ್ಲಾ.”

ಸೌಮ್ಯ ನಗಲಿಲ್ಲ. “ಅಜ್ಜಿ, ಹೆಬ್ಬೆಟ್ಟು ಯಾಕೆ ಒಳಗೆ ಮಡಚ್ಕೊಂಡಿದೀರಾ?”

“ಇನ್ನೆಂಗವ್ವಾ ಇಂಡೋದು?”

“ಇದು ಹಸು ಅಲ್ಲ ಅಜ್ಜಿ! ಕೋಲು ಹಿಡಿದಂಗೆ ಹಿಡೀರಿ.”

ಹೆಬ್ಬೆಟ್ಟು ಹೊರಗಿಟ್ಟು ಹಿಡಿದಾಗ ಮುಳ್ಳು ಹದಿಮೂರಕ್ಕೇರಿತು. ಸವೆದ ಕೀಲು ಹೊಸದಾಗುವುದಿಲ್ಲ, ಆದರೆ ಮಡಚುವುದನ್ನು ಬಿಟ್ಟು ಇಡೀ ಮುಷ್ಟಿಯಲ್ಲಿ ಕರೆದರೆ ನೋವು ತಗ್ಗಿ ಬಲ ಉಳಿಯುತ್ತದೆ ಎಂದಳು ಸೌಮ್ಯ.

ಶನಿವಾರ ಹೊಸ ಹಿಡಿತ ಒಪ್ಪದೆ ಹಸು ಎರಡು ಸಲ ಒದೆಯಿತು. ಭಾನುವಾರ ಬೋರಲಿಂಗಯ್ಯ ಹಗ್ಗ ಹಿಡಿದು ಬಂದಾಗ ಕೆಂಚಮ್ಮ ಆಗಲೇ ಕರೆಯಲು ಕೂತಿದ್ದಳು. ನಾಲ್ಕು ಹಿಂಡು, ಒಸಿ ಬಿಡುವು. ಮತ್ತೆ ನಾಲ್ಕು ಹಿಂಡು.

“ಇಷ್ಟೊತ್ಗೆ ನಾನು ಮೂರು ಹಸ ಕರೀತಿದ್ದೆ ಕಣಕ್ಕ.”

“ಓಗಿ ಕರ್ಕೋ, ನಿನ್ನವ ನೀನು.”

ಕೊನೆಯ ತೊಟ್ಟು ಬರಿದಾದಾಗ ಬಿಸಿಲು ಕೊಟ್ಟಿಗೆಯೊಳಕ್ಕೆ ಬಂದಿತ್ತು. ಮನೋಹರ್ ಬಗ್ಗಿ ಕೆಚ್ಚಲು ಮುಟ್ಟಿ ನೋಡಿದ. ಬರಿಚೀಲದ ಹಾಗೆ ಮೆತ್ತಗಿತ್ತು. “ಹಸ ಕೊಡಲ್ಲ, ಬುಡಣ್ಣ. ಕಾಪಿ ಕುಡ್ಕಂಡೋಗು,” ಎಂದ.

ತುಂಬಿದ ಕ್ಯಾನನ್ನು ಡೈರಿಗೆ ಒಯ್ಯಲು ದಿವ್ಯ ಕೈಹಾಕಿದಳು. ಕೆಂಚಮ್ಮ ಆ ಕೈಯನ್ನು ಸರಿಸಿದಳು.

“ಮುಟ್ಬ್ಯಾಡ ಕಣವ್ವ. ಇವತ್ತು ನೀನು ಎತ್ತಿದ್ರೆ, ನಾಳೀಕೆ ಹಸ ಯಾಕೆ ಅಂತಾನೆ ನಿನ್ನ ಗಂಡ. ದಾರೀಲಿ ಎಲ್ಡು ಕಡೆ ಇಳಿಸ್ಕಂಡು ನಾನೇ ಒಯ್ತೀನಿ, ಡೈರಿ ಏನು ಎದ್ದು ಓಡೋಗಲ್ಲ. ನೀನು ಒಳೀಕ್ಕೋಗಿ ಒಲೆ ನೋಡೋಗು.”