ಉಪ್ಪು ಮಾರುವವಳ ಮೂರನೇ ಭಾಗ

ಮೂರನೇ ಭಾಗ ಬರುತ್ತದೆ ಎಂದು ಆಟದ ಕಂಪನಿಯವರು ಹೇಳಿದ ದಿನ ನಾನು ಹುಮನಾಬಾದಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಮೆಂತೆಪಲ್ಲೆ ಸೋಸುತ್ತಿದ್ದೆ. ಫೋನಿನಲ್ಲಿ ಟ್ರೇಲರ್ ನೋಡಿದವಳೇ ಪಲ್ಲೆಯನ್ನು ಅಲ್ಲೇ ಬಿಟ್ಟು ಎದ್ದು ನಿಂತೆ. ಖುಷಿಯಿಂದಲ್ಲ, ಸಿಟ್ಟಿನಿಂದ.

ನಾನು ಕಂಪ್ಯೂಟರಿನಲ್ಲಿ ಆಟ ಆಡುವವಳು. ವಯಸ್ಸು ನಲವತ್ತರ ಹತ್ತಿರ ಬಂದಿದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಎರಡು ಹೊತ್ತು ರೊಟ್ಟಿ ಬಡಿಯುತ್ತೇನೆ, ಆಟವನ್ನೂ ಆಡುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆಗೆ ಬಂದವರೆಲ್ಲ ಮೂಲೆಯ ಕಂಪ್ಯೂಟರ್ ನೋಡಿ, "ಮಕ್ಕಳ ಸಲುವಾಗಿ ತಂದೀರೇನ್ರಿ?" ಎಂದೇ ಕೇಳುತ್ತಾರೆ. ಮಕ್ಕಳ ಸಲುವಾಗಿ ತಂದಿಲ್ಲ. ನನ್ನ ಸಲುವಾಗಿ ತಂದಿದ್ದೇನೆ.

ನನ್ನ ಸಿಟ್ಟು ಅರ್ಥವಾಗಬೇಕಾದರೆ ಆ ಆಟ ಎಂಥದ್ದು ಎಂದು ಹೇಳಬೇಕು. ಒಬ್ಬ ಹೆಂಗಸು ಹೇಸರಗತ್ತೆಯ ಮೇಲೆ ಉಪ್ಪು ಹೇರಿಕೊಂಡು ಗುಡ್ಡಗಾಡಿನ ಊರೂರಿಗೆ ಮಾರಲು ಹೋಗುತ್ತಾಳೆ. ಅಷ್ಟೇ. ಅವಳು ರಾಜ್ಯ ಉಳಿಸುವುದಿಲ್ಲ, ರಾಕ್ಷಸರನ್ನು ಕೊಲ್ಲುವುದಿಲ್ಲ. ಯಾವ ದಾರಿ ಹಿಡಿಯಬೇಕು, ಎಲ್ಲಿ ತಂಗಬೇಕು, ಯಾರನ್ನು ನಂಬಬೇಕು ಎನ್ನುವುದನ್ನು ಮಾತ್ರ ಆಡುವವರು ತೀರ್ಮಾನಿಸಬೇಕು. ಎರಡನೇ ಭಾಗದ ಕೊನೆಯಲ್ಲಿ ಚಳಿಗಾಲ ಬಂದಿರುತ್ತದೆ. ಪಟ್ಟಣದಲ್ಲಿ ಅವಳಿಗಾಗಿ ಒಂದು ಮನೆ ಸಿದ್ಧವಾಗಿರುತ್ತದೆ. ಹೇಸರಗತ್ತೆಯನ್ನು ತಮ್ಮನಿಗೆ ಒಪ್ಪಿಸಿ ಆ ಮನೆ ಸೇರಬಹುದು. ಇಲ್ಲವೇ ಹಿಮ ಬಿದ್ದ ಕಣಿವೆ ದಾಟಿ ಆಚೆಯ ಊರುಗಳಿಗೆ ಉಪ್ಪು ಮುಟ್ಟಿಸಬಹುದು.

ನಾನು ಕಣಿವೆ ದಾಟಿಸಿದ್ದೆ. ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಬಸವಕಲ್ಯಾಣದಲ್ಲಿ ತವರುಮನೆಯ ಅಟ್ಟದ ಕೋಣೆಯಲ್ಲಿ ಕೂತು, ಒಂದು ಕ್ಷಣವೂ ಯೋಚಿಸದೆ ದಾಟಿಸಿದ್ದೆ. ಹಿಮದಲ್ಲಿ ಅವಳ ಹೆಜ್ಜೆ ಮೂಡುತ್ತ ಮೂಡುತ್ತ ಆಟ ಮುಗಿದಿತ್ತು. ಕೆಳಗಿನಿಂದ ಅವ್ವ ಊಟಕ್ಕೆ ಕರೆಯುತ್ತಿದ್ದರೂ ಎದ್ದು ಹೋಗಲು ಮನಸ್ಸಾಗಿರಲಿಲ್ಲ.

ಈಗ ಬಂದ ಟ್ರೇಲರಿನಲ್ಲಿ ಅವಳು ಪಟ್ಟಣದ ಮನೆಯ ಕಿಟಕಿಯಲ್ಲಿ ನಿಂತು ಗುಡ್ಡ ನೋಡುತ್ತಿದ್ದಳು. ಮೈಮೇಲೆ ಒಳ್ಳೆಯ ಬಟ್ಟೆ, ಮುಖದಲ್ಲಿ ಮೊದಲಿಗಿಂತ ಕಡಿಮೆ ವಯಸ್ಸು. ಹತ್ತು ವರ್ಷದ ಮೇಲೆ ಬರುವ ಭಾಗದಲ್ಲಿ ಹೆಂಗಸು ಚಿಕ್ಕವಳಾಗುವುದು ಹೇಗೋ ಆ ದೇವರೇ ಬಲ್ಲ. ಆಡುವವರು ಗಲಾಟೆ ಮಾಡಿದ ಮೇಲೆ ಕಂಪನಿಯವರು ಒಂದು ಮಾತು ಹೇಳಿದರು. ಎರಡನೇ ಭಾಗ ಆಡಿದವರ ಕಂಪ್ಯೂಟರಿನಲ್ಲಿ ಹಳೆಯ ಸೇವ್ ಫೈಲ್ ಇದ್ದರೆ, ಅಂದರೆ ಆಟ ಎಲ್ಲಿಗೆ ಬಂದು ನಿಂತಿತ್ತು ಎಂಬ ಗುರುತು ಉಳಿದಿದ್ದರೆ, ಹೊಸ ಆಟ ಅದನ್ನು ಓದಿಕೊಂಡು ಅಲ್ಲಿಂದಲೇ ಮುಂದುವರಿಯುತ್ತದೆ. ಗುರುತು ಇಲ್ಲದವರ ಪಾಲಿಗೆ ಅವಳು ಮನೆ ಸೇರಿದವಳೇ.

ನನ್ನ ಹತ್ತಿರ ಆ ಫೈಲ್ ಇರಲಿಲ್ಲ. ಅದು ಹೋದದ್ದು ನನ್ನ ಅರಿಷಿಣದ ದಿನ.

ನಮ್ಮ ಕಡೆ ಮಗಳಿಗೆ ಹಂಡೆ, ಕೊಡ, ಪರಾತ, ತಾಟು ಎಲ್ಲ ಕೊಟ್ಟು ಕಳಿಸುತ್ತಾರೆ. ಭಾಂಡೆ ಎನ್ನುತ್ತೇವೆ. ಒಂದೊಂದರ ಮೇಲೂ ಕೊಟ್ಟವರು ಯಾರು, ಯಾರಿಗೆ ಕೊಟ್ಟರು ಎಂದು ಹೆಸರು ಕೆತ್ತಿಸುತ್ತಾರೆ. ಯಾರಿಗೆ ಎಂದರೆ ಅಳಿಯನಿಗೆ. ಅಡುಗೆ ಮಾಡಿ, ತಿಕ್ಕಿ, ತೊಳೆದು ಇಡುವವಳು ಮಗಳು, ಹೆಸರು ಅಳಿಯನದು. ಅಂದು ಭಾಂಡೆ ಅಂಗಡಿಯಿಂದ ಕೆತ್ತುವವರು ಉಳಿ, ಸುತ್ತಿಗೆ ತಂದು ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ನನ್ನ ಕಂಪ್ಯೂಟರೂ ಅಲ್ಲೇ ಇತ್ತು. ಹಾಡು ಹಚ್ಚಲು ಅದನ್ನು ಅಟ್ಟದಿಂದ ಇಳಿಸಿ, ದೊಡ್ಡ ಸ್ಪೀಕರ್ ಸಿಕ್ಕಿಸಿ, ಹಂಡೆಯ ಪಕ್ಕಕ್ಕೆ ಇಟ್ಟಿದ್ದರು. ಅದು ಭಾಂಡೆಯಲ್ಲ. ಟ್ಯೂಷನ್ ಹೇಳಿ ನಾನೇ ಕೊಂಡದ್ದು. ಗಂಡನ ಮನೆಗೆ ಜೊತೆಯಲ್ಲಿ ಒಯ್ಯುತ್ತೇನೆ ಎಂದಿದ್ದೆ, ಅಷ್ಟೇ.

ನಾನು ಹಿತ್ತಲಲ್ಲಿ ಮೈತುಂಬ ಅರಿಷಿಣ ಬಳಿಸಿಕೊಂಡು ಕೂತಿದ್ದೆ. ಹಾಡು ಜೋರಾಗಿತ್ತು. ಅದರ ನಡುವೆ ಟಣ್ ಟಣ್ ಎಂಬ ಸದ್ದು ಬೇರೆ. ಹಾಡು ತಟ್ಟನೆ ನಿಂತಿತು. ಕರೆಂಟು ಹೋಯಿತು ಎಂದರು ಎಲ್ಲರೂ. ಆದರೆ ಒಳಗೆ ಫ್ಯಾನು ತಿರುಗುತ್ತಲೇ ಇತ್ತು. ಓಡಿಬಂದು ನೋಡಿದರೆ ಕೆತ್ತುವವರು ನನ್ನ ಸಿಪಿಯು ಡಬ್ಬಿಯನ್ನು ಹಂಡೆಯಂತೆ ತೊಡೆಯ ಮಧ್ಯೆ ಹಿಡಿದು ಕೂತಿದ್ದರು. ಚಾಲೂ ಇದ್ದ ಡಬ್ಬಿಯ ತಗಡಿನ ಮೇಲೆ ಅಳಿಯನ ಹೆಸರು ಪೂರ್ತಿಯಾಗಿತ್ತು, ಅಪ್ಪನ ಹೆಸರು ಅರ್ಧವಾಗಿತ್ತು.

"ಹೊರಗ ಹೋಗೋ ಸಾಮಾನಿನ ಮ್ಯಾಲ ಹೆಸರಿರಬೇಕವ್ವ," ಎಂದರು ಅಪ್ಪ. "ಇಲ್ಲಂದ್ರ ಕಳೀತದ."

"ನನ್ನ ಹೆಸರು ಯಾಕ ಹಾಕಿಸಲಿಲ್ಲಪ್ಪಾ?"

ಅಪ್ಪನಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ನಿನ್ನ ಹೆಸರು ಯಾರು ಹಾಕಸ್ತಾರವ್ವ?" ಎಂದು ನಿಜವಾಗಿಯೂ ಕೇಳಿದರು. ಅವರ ಮನಸ್ಸಿನಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ. ಅರಿಷಿಣದ ಮೈಯಲ್ಲಿ ಜಗಳಕ್ಕೆ ನಿಂತರೆ ಚೆಂದವಲ್ಲ ಎಂದು ಸೋದರತ್ತೆ, ಚಿಕ್ಕಮ್ಮಂದಿರೆಲ್ಲ ನನ್ನನ್ನು ಒಳಗೆ ಎಳೆದೊಯ್ದರು. ಏಟಿಗೆ ಸೇವ್ ಫೈಲ್ ಇದ್ದ ಒಳಗಿನ ಡಿಸ್ಕ್ ಸತ್ತಿತ್ತು. ಅದನ್ನು ಬಿಚ್ಚಿ ಒಂದು ಸ್ಟೀಲ್ ಡಬ್ಬಿಯಲ್ಲಿಟ್ಟು ಭಾಂಡೆಯ ಜೊತೆಗೇ ಹುಮನಾಬಾದಿಗೆ ತಂದೆ. ಹೊಸ ಡಿಸ್ಕ್ ಹಾಕಿಸಿದೆ, ವರ್ಷಕ್ಕೊಂದರಂತೆ ಒಳಗಿನದೆಲ್ಲ ಬದಲಾಯಿಸಿದೆ. ಹೊರಗಿನ ಸಿಪಿಯು ಡಬ್ಬಿ ಮಾತ್ರ ಅದೇ ಉಳಿಯಿತು, ಅದೇ ಹೆಸರಿನದು.

ಟ್ರೇಲರ್ ನೋಡಿದ ವಾರವೇ ಆ ಸತ್ತ ಡಿಸ್ಕನ್ನು ಹೊರತೆಗೆದು ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಕಿವಿಗೆ ಹಿಡಿದು ಅಲ್ಲಾಡಿಸಿದರು. ಒಳಗೆ ಕಿರಕಿರ ಎಂದಿತು. "ಇದರಾಗ ಏನೂ ಉಳಿದಿಲ್ಲರಿ ಮೇಡಂ," ಎಂದರು. ನನಗೂ ಗೊತ್ತಿತ್ತು. ಆದರೂ ಅದನ್ನು ಅಲ್ಲೇ ಬಿಡದೆ ಮತ್ತೆ ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಬಂದೆ.

ನನ್ನ ಗಂಡನಿಗೆ ಪೈಪು, ಮೋಟರಿನ ಅಂಗಡಿ ಇದೆ. ಒಳ್ಳೆಯ ಮನುಷ್ಯ. ಯಾವುದಕ್ಕೂ ಒಂದು ಸುಲಭದ ದಾರಿ ಹುಡುಕಿಕೊಡುತ್ತಾನೆ. "ಇಂಟರ್ನೆಟ್‌ನ್ಯಾಗ ಮಂದಿ ಸೇವ್ ಫೈಲ್ ಇಟ್ಟಿರತಾರ ಅಂದಿದ್ದೆಲ್ಲ ನೀ. ಯಾರದರ ಇಳಿಸಿಕೋ, ಮುಗೀತು," ಎಂದ.

"ಬ್ಯಾರೇದವರು ದಾಟಿದ್ದು ನನಗ್ಯಾಕ್ರಿ?" ಎಂದೆ. ಬೇರೆಯವರು ಉಂಡರೆ ನನ್ನ ಹೊಟ್ಟೆ ತುಂಬುತ್ತದೆಯೇ?

ಇಷ್ಟು ಹಟ ಯಾಕೆ ಎಂದು ಕೇಳುವವರಿಗೆ, ಬರಲಿರುವ ಆಟಗಳ ಬಗ್ಗೆ ನನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. ಈಗ ಎಲ್ಲ ಆಟಕ್ಕೂ ಎರಡನೆಯದು, ಮೂರನೆಯದು, ಐದನೆಯದು ಬರುತ್ತಿವೆ. ಬರಲಿ, ನನ್ನದೇನೂ ತಕರಾರಿಲ್ಲ. ನಮ್ಮತ್ತೆಯ ಟಿವಿ ಧಾರಾವಾಹಿಯಲ್ಲಿ ಸತ್ತವರು ಮೂರು ಸಲ ಎದ್ದುಬಂದಿದ್ದಾರೆ, ಅದನ್ನು ಯಾರೂ ಚಟ ಎನ್ನುವುದಿಲ್ಲ. ಆದರೆ ಪ್ರತಿ ಹೊಸ ಭಾಗದವರೂ ಭೂಪಟ ಮೊದಲಿಗಿಂತ ಹತ್ತು ಪಟ್ಟು ದೊಡ್ಡದು ಎಂದು ಡಂಗುರ ಸಾರುತ್ತಾರೆ. ದೊಡ್ಡದು ಮಾಡಿ ಏನು ತುಂಬುತ್ತೀರಿ? ನಾನು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ, ಆ ದಾರಿಯಲ್ಲೇ ನಾನು ಇಳಿಯದ ಊರುಗಳು ಇನ್ನೂ ಇವೆ. ಹೇಸರಗತ್ತೆಯ ಕಿವಿಯ ಕೂದಲು ಒಂದೊಂದೂ ಕಾಣಬೇಕಾದರೆ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಎನ್ನುತ್ತಾರೆ. ಕೂದಲು ಎಣಿಸಲು ನಾನೇನು ಕ್ಷೌರಿಕಳೇ? ಇನ್ನು ಕೆಲವು ಆಟಗಳಿಗೆ ಒಬ್ಬಳೇ ಕೂತು ಆಡಿದರೂ ಸದಾ ಇಂಟರ್ನೆಟ್ ಬೇಕಂತೆ. ಹಳ್ಳಿಖೇಡದ ಕಡೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಓಣಿಯ ಕೇಬಲ್ಲಿಗೆ ಉಳಿಗಾಲವಿಲ್ಲ. ಮುಗಿಲೆತ್ತರ ಕಬ್ಬು ಹೇರಿದ ಟ್ರ್ಯಾಕ್ಟರ್ ಅದನ್ನು ಹರಿದುಕೊಂಡೇ ಹೋಗುತ್ತದೆ. ಆಟ ಮಾಡುವವರು ಒಂದು ಸಲ ಇಲ್ಲಿ ಬಂದು ನಿಂತು ನೋಡಬೇಕು.

ಇದನ್ನೆಲ್ಲ ಸಹಿಸಿಕೊಂಡೇನು. ನಾನು ಮಾಡಿದ ತೀರ್ಮಾನವನ್ನು ಅಳಿಸಿ, "ಅವಳು ಮನೆ ಸೇರಿದಳು" ಎಂದು ಬೇರೆ ಯಾರೋ ಬರೆಯುವುದನ್ನು ಮಾತ್ರ ಸಹಿಸಲಾರೆ. ಮುಂದಿನ ಭಾಗ ಎಂದರೆ ಹಿಂದಿನದಕ್ಕೆ ಮರ್ಯಾದೆ ಕೊಟ್ಟು ಮುಂದೆ ಹೋಗಬೇಕು. ಹಾಗಾಗಿ ಎರಡನೇ ಭಾಗವನ್ನು ಮತ್ತೆ ಇಳಿಸಿಕೊಂಡೆ. ಮೊದಲ ಊರಿನಿಂದ ಕೊನೆಯ ಕಣಿವೆಯವರೆಗೆ ಪೂರ್ತಿ ಮತ್ತೆ ಆಡುವುದೆಂದು ಮನೆಯಲ್ಲಿ ಸಾರಿದೆ. ಕದ್ದು ಆಡುವುದಲ್ಲ. ಶಾಲೆಯಿಂದ ಬಂದು, ಚಹಾ ಕುಡಿದು, ಪಡಸಾಲೆಯಲ್ಲಿ ಎಲ್ಲರ ಎದುರು ಆಡುವುದು.

ಅತ್ತೆಗೆ ಇದು ಸರಿಬರಲಿಲ್ಲ. "ಒಮ್ಮೆ ಆಡಿದ್ದು ಮತ್ತ ಯಾಕ ಆಡಾಕತ್ತಿದಿ ಯವ್ವಾ? ಬಾಳೇದಾಗ ಬ್ಯಾರೆ ಕೆಲಸ ಇಲ್ಲೇನು?" ಎಂದು ಮೂಗು ಮುರಿದರು.

"ಒಮ್ಮೆ ಬಡದ ರೊಟ್ಟಿ ಮತ್ತ ಯಾಕ ಬಡೀಬೇಕ್ರಿ ಅತ್ತಿ?" ಎಂದೆ.

ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಆದರೆ ಮರುದಿನದಿಂದ ಶೇಂಗಾ ಸುಲಿಯುವ ಮೊರ ಹಿಡಿದುಕೊಂಡು ನನ್ನ ಹಿಂದಿನ ಮಂಚದ ಮೇಲೆಯೇ ಕೂರತೊಡಗಿದರು. "ಆ ಖಚ್ಚರಕ್ಕ ನೀರು ಕುಡಿಸಿದೇನು?" ಎಂದು ನಡುನಡುವೆ ಕೇಳುತ್ತಿದ್ದರು. ಹೇಸರಗತ್ತೆಯನ್ನು ನಮ್ಮ ಕಡೆ ಖಚ್ಚರ ಎನ್ನುತ್ತಾರೆ.

ಅದರ ಮಧ್ಯೆ ಒಂದು ಭಾನುವಾರ ಬೇಮಳಖೇಡದಿಂದ ನನ್ನ ಗಂಡನ ಸೋದರಮಾವ ಬಂದರು. ಕುರ್ಚಿ ಎಳೆದುಕೊಂಡು ಕೂತು, ನನ್ನ ಪಕ್ಕದಲ್ಲಿದ್ದ ಡಬ್ಬಿಯ ಮೇಲಿನ ಅಕ್ಷರಗಳನ್ನು ಬೆರಳಿಟ್ಟು ಓದಿದರು. ಆಮೇಲೆ ನನ್ನ ಗಂಡನಿಗೆ ಹೇಳಿದರು: "ನಿನ್ನ ಕಂಪ್ಯೂಟರ್ ನಿನ್ನ ಹೇಂತಿನೇ ಹಿಡಕೊಂಡು ಕುಂತಾಳಲ್ಲೋ. ಒಳ್ಳೆ ಸಲಿಗಿ ಕೊಟ್ಟಿದಿ."

ಗಂಡ ನಕ್ಕ. ಅದು ನನ್ನದಲ್ಲ, ಅವಳದು ಎನ್ನಬಹುದಿತ್ತು. ಎರಡೇ ಮಾತು. ಅನ್ನಲಿಲ್ಲ. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಎದ್ದು ಹೋದೆ. ಅರಿಷಿಣದ ದಿನದ ಜಗಳ ಇನ್ನೂ ಬಾಕಿ ಇದೆ ಎಂದು ಆಗ ಗೊತ್ತಾಯಿತು.

ಕೊನೆಯ ಕಣಿವೆಗೆ ಬಂದದ್ದು ಒಂದು ಸಂಜೆ. ಅತ್ತೆ ಹಿಂದೆಯೇ ಇದ್ದರು. ಗಂಡ ಅಂಗಡಿಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ತೆರೆಯ ಮೇಲೆ ಒಂದು ಕಡೆ ದೀಪ ಹಚ್ಚಿದ ಮನೆ, ಇನ್ನೊಂದು ಕಡೆ ಹಿಮ. ಎರಡರ ಅರ್ಥವನ್ನೂ ಅತ್ತೆಗೆ ಹೇಳಿದೆ.

"ಮನ್ಯಾಗ ಬೆಚ್ಚಗ ಕುಂದರಲಿ ಬಿಡು," ಎಂದರು ಅತ್ತೆ. "ಎಷ್ಟಂತ ತಿರಗತಾಳ, ಆಕಿಗೂ ಸಾಕಾಗಿರಬೇಕು."

ನಾನು ತಕ್ಷಣ ಗುಂಡಿ ಒತ್ತಲಿಲ್ಲ. ಅತ್ತೆಯ ಮಾತು ಸುಳ್ಳಲ್ಲ. ನನ್ನ ಮೊಣಕಾಲೂ ಈಗ ಮೆಟ್ಟಿಲೇರಿದರೆ ನೋಯುತ್ತದೆ. ಬೆಚ್ಚಗಿನ ಮನೆ ನನಗೂ ಬೇಕು, ಇಲ್ಲಿ ನನಗೆ ಯಾವ ಹಿಂಸೆಯೂ ಇಲ್ಲ. ಹುಡುಗಿಯಾಗಿದ್ದಾಗ ಯೋಚಿಸದೆ ದಾಟಿದ್ದೆನಲ್ಲ, ಅದು ಧೈರ್ಯವೋ, ಚಳಿ ಎಂದರೇನೆಂದು ಗೊತ್ತಿಲ್ಲದ ಹುಂಬತನವೋ? ಈ ಸಲ ಗೊತ್ತಿತ್ತು. ಗೊತ್ತಿದ್ದೂ ದಾಟಿಸಿದೆ.

"ಖಚ್ಚರ ಸಾಯಂಗಿಲ್ಲಲ?" ಎಂದರು ಅತ್ತೆ.

"ಇಲ್ಲರಿ ಅತ್ತಿ."

"ಹಂಗಾದ್ರ ಹೋಗಲಿ," ಎಂದು ಅವರು ಮತ್ತೆ ಶೇಂಗಾ ಸುಲಿಯತೊಡಗಿದರು.

ಸೇವ್ ಆಯಿತು. ಅದನ್ನು ಎರಡು ಪೆನ್‌ಡ್ರೈವಿಗೆ ಹಾಕಿ ಒಂದನ್ನು ಬೀರುವಿನಲ್ಲಿ, ಇನ್ನೊಂದನ್ನು ಆ ಸತ್ತ ಡಿಸ್ಕಿದ್ದ ಸ್ಟೀಲ್ ಡಬ್ಬಿಯಲ್ಲಿ ಇಟ್ಟೆ. ಮೂರನೇ ಭಾಗ ಯಾವಾಗ ಬರುತ್ತದೆಂದು ಕೇಳಿದರೆ ಕಂಪನಿಯವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುತ್ತಾರೆ, ಎರಡು ಸಲ ಮುಂದೂಡಿದ್ದಾರೆ. ಮುಂದೂಡಲಿ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

ನನಗೆ ಇನ್ನೊಂದು ಕೆಲಸ ಉಳಿದಿತ್ತು. ಸಿಪಿಯು ಡಬ್ಬಿಗೆ ಎರಡು ಪಕ್ಕ, ಎರಡು ತಗಡು. ಎಡಗಡೆಯದರ ಮೇಲೆ ಹೆಸರಿದೆ, ಬಲಗಡೆಯದು ಖಾಲಿ. ರಜೆಯ ದಿನ ಬಲಗಡೆಯ ತಗಡಿನ ಸ್ಕ್ರೂ ಬಿಚ್ಚಿ, ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ಬಸವಕಲ್ಯಾಣದ ಬಸ್ಸು ಹತ್ತಿದೆ. ಈ ಸಲ ಡಬ್ಬಿಯನ್ನು ಯಾರ ತೊಡೆಯ ಮೇಲೂ ಬಿಡುವವಳಲ್ಲ ನಾನು.

ಭಾಂಡೆ ಅಂಗಡಿ ಅಲ್ಲೇ ಇತ್ತು, ಕೆತ್ತುವವರೂ ಅವರೇ. ತಲೆ ಬೆಳ್ಳಗಾಗಿತ್ತು. ನನ್ನ ಗುರುತು ಹತ್ತಲಿಲ್ಲ, ನಾನೂ ನೆನಪು ಮಾಡಲಿಲ್ಲ. ತಗಡನ್ನು ತಿರುಗಿಸಿ ಮುರುಗಿಸಿ ನೋಡಿದರು, ಇದು ಯಾವ ಭಾಂಡೆಯೆಂದು ಕೇಳಲಿಲ್ಲ. ಉಳಿ ಎತ್ತಿಕೊಂಡು, ಎಲ್ಲರಿಗೂ ಕೇಳುವುದನ್ನೇ ಕೇಳಿದರು.

"ಯಾರು ಯಾರಿಗಿ ಕೊಟ್ಟಿದ್ದಂತ ಬರೀಲ್ರಿ ಅಕ್ಕೋರ?"

"ಯಾರೂ ಕೊಟ್ಟಿಲ್ಲರಿ," ಎಂದೆ. "ನನ್ನ ಹೆಸರು ಅಷ್ಟ ಬರೀರಿ."

ಅವರು ಉಳಿ ಹಿಡಿದೇ ನನ್ನ ಮುಖ ನೋಡಿದರು. ಮುಂದೆ ಇನ್ನೊಂದು ಹೆಸರು ಹೇಳುತ್ತೇನೆಂದು ಕಾದಿರಬೇಕು. ನಾನು ಹೇಳಲಿಲ್ಲ. ಆಮೇಲೆ ಸುತ್ತಿಗೆ ಬಿತ್ತು. ಮನೆಗೆ ಬಂದು ತಗಡನ್ನು ಸಿಕ್ಕಿಸಿ, ಡಬ್ಬಿಯನ್ನು ಮೇಜಿನ ಇನ್ನೊಂದು ಬದಿಗೆ ಸರಿಸಿದೆ. ಈಗ ಗಂಡನ ಹೆಸರು ಗೋಡೆಯ ಕಡೆಗಿದೆ, ನನ್ನದು ಬಾಗಿಲ ಕಡೆಗೆ.