ಮಲಕಪ್ಪ ಕಾಕಾ ಕಟ್ಟಿದ ಕರಿ

ಅಣ್ಣತಮ್ಮಂದಿರು ಬೇರೆಯಾಗುವ ಮನೆಗೆ ಹಿರಿಯರೆಂದು ಕರೆದರೆ ಮಲಕಪ್ಪ ಕಾಕಾ ಹೊಲದ ಕಾಗದ ಕೇಳುತ್ತಿರಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ, ಎರಡನೆಯ ಒಲೆ ಹೂಡಿದ್ದಾರೆಯೇ ಎಂದು ನೋಡುತ್ತಿದ್ದರು. ಅದರ ಬೂದಿ ಬೆಚ್ಚಗಿದ್ದರೆ ಹೊರಗೆ ಬಂದು, "ಇವರು ಆಗಲೇ ಬ್ಯಾರೆ ಆಗ್ಯಾರ. ನಾವು ಹೂಂ ಅನ್ನೂದಷ್ಟ ಉಳದೈತಿ" ಎಂದು ತೀರ್ಪು ಕೊಟ್ಟು ಚಹಾ ಕೇಳುತ್ತಿದ್ದರು.

ಸಿಂದಗಿಯ ತಾಲೂಕು ಕಚೇರಿ ಎದುರು ಹುಣಸೆಗಿಡದ ನೆರಳಲ್ಲಿ ಕುಳಿತು ಅರ್ಜಿ ಬರೆದುಕೊಡುವುದು ಅವರ ಉದ್ಯೋಗ. ಓದಿದ್ದು ನಾಲ್ಕನೆಯ ಇಯತ್ತೆ. ನಾನು ಧಾರವಾಡದಲ್ಲಿ ಕಾನೂನು ಓದುತ್ತಿದ್ದೆ. ಬಾಂಗ್ಲಾದೇಶ ಹುಟ್ಟಿದ ಹೊಸತು. ರೇಡಿಯೋದಲ್ಲಿ ಇವತ್ತು ಈ ದೇಶ ಮಾನ್ಯತೆ ಕೊಟ್ಟಿತು, ನಾಳೆ ಆ ದೇಶ ಎಂದು ಸುದ್ದಿ ಬರುತ್ತಲೇ ಇತ್ತು. ರಜೆಗೆ ಬಂದ ನನ್ನನ್ನು ಕಾಕಾ ಕಟ್ಟೆಯ ಮೇಲೆ ಕೂಡಿಸಿಕೊಂಡರು.

"ದೇಶ ಆಗಾಕ ಏನೇನ ಬೇಕಂತ ನಿನ್ನ ಪುಸ್ತಕದಾಗ ಬರದಾರ?"

ನಾನು ಹೇಳಿದೆ. ಅವರು ಬೆರಳು ಮಡಚಿದರು. "ನೆಲ. ಮಂದಿ. ಮಾತು ಕೇಳಿಸೂ ಹಿರ್ಯಾ. ಹೊರಗಿನವರ ಜೋಡಿ ವ್ಯವಹಾರ ಮಾಡೂ ಬಾಯಿ. ಇಷ್ಟನ? ಮತ್ತ ಉಳಿದವರು ಒಪ್ಪೂದು?"

"ಒಪ್ಪಿದರ ಮಾತ್ರ ದೇಶ ಅಂತ ಕೆಲವು ಪಂಡಿತರು ಅಂತಾರ್ರಿ ಕಾಕಾ. ಒಪ್ಪಲಿ ಬಿಡಲಿ ದೇಶ ದೇಶನ ಅಂತ ಇನ್ನ ಕೆಲವರು."

"ಎರಡನೇದಾಂವ ಶಾಣ್ಯಾ. ಕೂಸು ಹುಟ್ಟಿದಾಗ ಹುಟ್ಟತೈತಿ. ತೊಟ್ಲಾಗ ಹಾಕಿ ಹೆಸರಿಡೂದು ಆಮ್ಯಾಲಿನ ಮಾತು."

ಇದನ್ನು ಬರೀ ಕುತೂಹಲವೆಂದು ತಿಳಿದದ್ದು ನನ್ನ ತಪ್ಪು.

ನಮ್ಮದು ನಲವತ್ತು ಮನೆಗಳ ವಸ್ತಿ. ಹಳ್ಳದ ಆಚೆ ದೊಡ್ಡೂರು. ಶಾಲೆ ಇದ್ದದ್ದು ಅಲ್ಲಿ. ಹಳ್ಳ ತುಂಬಿದರೆ ನಮ್ಮ ಮಕ್ಕಳು ವಾರಗಟ್ಟಲೆ ಮನೆಯಲ್ಲೇ ಉಳಿಯುತ್ತಿದ್ದರು. ಕಾಕಾ ವಸ್ತಿಗೊಂದು ಶಾಲೆ ಕೇಳಿ ಅರ್ಜಿ ಕೊಟ್ಟರೆ ಗುಮಾಸ್ತ, "ಸಾಲಿ ಕೊಡೂದು ಊರಿಗೆ. ನಿಮ್ಮದು ಬ್ಯಾರೆ ಊರಂತ ದೊಡ್ಡೂರ ಗೌಡ್ರು ಬರಕೊಡಲಿ" ಎಂದ. ಗೌಡರು ನಕ್ಕರು. "ಬಾಲ ಬ್ಯಾರೆ ಐತಿ ಅಂತ ಎತ್ತು ಬರಕೊಡತೈತೇನೋ ಮಲಕಪ್ಪ?"

ಕಾಕಾ ಮತ್ತೆ ನನ್ನ ಹತ್ತಿರ ಬಂದರು. "ತಮ್ಮ ಹಣೆಬರಹ ತಾವ ಬರಕೊಳ್ಳೂ ಹಕ್ಕು ಅಂತೇನೋ ಹೇಳಿದ್ದಿಲ್ಲ?"

"ಅದು ಪರಕೀಯರ ಕೈಯಾಗಿರೂ ಜನಾಂಗಕ್ಕರಿ. ವಸ್ತಿಗಲ್ಲ."

"ನಡುವ ನೀರು ಐತಿಲ್ಲೊ? ನೀರು ದಾಟಿ ಬಂದು ಆಳಾಂವ ಪರಕೀಯನ."

ನಮ್ಮ ಕಡೆ ಕಾರಹುಣ್ಣಿಮೆಯ ದಿನ ಅಗಸಿಗೆ, ಅಂದರೆ ಊರಬಾಗಿಲಿಗೆ, ಅಡ್ಡವಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತಾರೆ. ಅದೇ ಕರಿ. ಸಿಂಗರಿಸಿದ ಎತ್ತುಗಳನ್ನು ಓಡಿಸಿ, ಯಾವ ಎತ್ತು ಕರಿ ಹರಿಯಿತೋ ಅದರ ಯಜಮಾನನಿಗೆ ಊರವರು ರುಮಾಲು ಸುತ್ತಿ ಕಾಯಿ ಕೊಡುತ್ತಾರೆ, ಎತ್ತಿನ ಬಣ್ಣ ನೋಡಿ ಆ ವರ್ಷದ ಬೆಳೆ ಹೇಳುತ್ತಾರೆ. ಕರಿ ಇರುವುದು ಊರಿಗೆ ಮಾತ್ರ. ವಸ್ತಿಯ ಎತ್ತುಗಳು ದೊಡ್ಡೂರ ಅಗಸಿಯಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲಬೇಕು. ಆ ವರ್ಷ ಕಾಕಾ ನಮ್ಮ ವಸ್ತಿಯಲ್ಲೇ ಕರಿ ಕಟ್ಟಿಸಿದರು.

ಅಗಸಿ ಎಲ್ಲಿತ್ತು? ಹಗ್ಗದ ಒಂದು ತುದಿಯನ್ನು ಬನ್ನಿಗಿಡಕ್ಕೆ ಬಿಗಿದರು. ಇನ್ನೊಂದು ಬದಿಗೆ ನೆಟ್ಟ ಕಂಬ ಎರೆಮಣ್ಣಿನಲ್ಲಿ ನಿಲ್ಲಲಿಲ್ಲ. "ನೀ ಕಲತಾಂವ, ಗಟ್ಟಿ ನಿಲ್ಲತಿ" ಎಂದು ಆ ತುದಿಯನ್ನು ನನ್ನ ಕೈಗೆ ಕೊಟ್ಟರು.

ನಮ್ಮ ಎತ್ತುಗಳು ಇನ್ನೂ ಸಾಲಾಗಿ ನಿಂತಿರಲಿಲ್ಲ. ಹಳ್ಳದ ಕಡೆಯಿಂದ ಧೂಳೆದ್ದಿತು. ದೊಡ್ಡೂರವರು ಬಡಿಗೆ ಹಿಡಿದು ಬಂದಿದ್ದರು. ಅವರ ಮುಂದೆ ಆಗಷ್ಟೇ ದೊಡ್ಡೂರ ಕರಿ ಹರಿದಿದ್ದ ಗೌಡರ ಬಿಳಿ ಎತ್ತು. ಹಗ್ಗ ಹರಿದು ಹಾಕಿ ನಮ್ಮ ಸೊಕ್ಕು ಇಳಿಸಲು ಅದನ್ನು ಬಿಟ್ಟಿದ್ದರು. ಕಾಕಾ ಹಗ್ಗದ ನಡುಮಧ್ಯೆ ನಿಂತು ಎರಡೂ ಕೈ ಎತ್ತಿ, "ಬರ್ರಿ, ಬರ್ರಿ" ಎಂದು ಬೀಗರನ್ನು ಕರೆದಂತೆ ಕರೆಯುತ್ತಿದ್ದರು.

ಎತ್ತು ಅವರನ್ನು ಬಿಟ್ಟು ನನ್ನ ಕಡೆ ತಿರುಗಿತು. ಅದರ ಉಸಿರು ನನ್ನ ಮುಖಕ್ಕೆ ಬಡಿದದ್ದು ನೆನಪಿದೆ. ಅಂಗಿಯ ಮೂರನೆಯ ಗುಂಡಿಯನ್ನು ಕೊಂಬು ಕಿತ್ತುಕೊಂಡು ಹೋಯಿತು. ಒಂದು ಬೆರಳಗಲ ಈಚೆಗೆ ಬಂದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಎಚ್ಚರವಾದಾಗ ದಾರಿ ಬದಿಯ ಕಾಲುವೆಯಲ್ಲಿ ಬಿದ್ದಿದ್ದೆ, ಕೈ ಖಾಲಿಯಾಗಿತ್ತು. ಈಗಲೂ ಹಿಂದಿನಿಂದ ಮೋಟಾರು ಬಂದರೆ ಕೈಯಲ್ಲಿದ್ದದ್ದನ್ನು ಬಿಟ್ಟುಬಿಡುತ್ತೇನೆ. ಹೆಂಡತಿ ನನಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ ಕೊಡುವುದಿಲ್ಲ.

ಧೂಳು ಇಳಿದಾಗ ಬಡಿಗೆಗಳೂ ಬನ್ನಿಗಿಡದ ತನಕ ಬಂದಿದ್ದವು. ಒಂದು ಏಟು ಬಿದ್ದಿದ್ದರೆ ಹೆಣಗಳೇ ಬೀಳುತ್ತಿದ್ದವು. ಆಗ ಕಾಕಾ ಎರಡು ತುಂಡಾದ ಹಗ್ಗವನ್ನು ಎತ್ತಿ ತೋರಿಸುತ್ತ ಗೌಡರ ಮುಂದೆ ಬಂದರು. ಇನ್ನೊಂದು ಕೈಯಲ್ಲಿ ರುಮಾಲು, ಕಾಯಿ.

"ಗೌಡ್ರ, ನಿಮ್ಮ ಎತ್ತು ನಮ್ಮೂರ ಕರಿ ಹರೀತು. ಬಿಳಿ ಎತ್ತು ಹರದೈತಿ, ಹಿಂಗಾರಿ ಜ್ವಾಳ ಬಂಗಾರ ಆಗತಾವ. ತಲಿ ಬಗ್ಗಸ್ರಿ."

ಗೆದ್ದ ಎತ್ತಿನ ಮರ್ಯಾದೆ ಬೇಡವೆಂದವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಗೌಡರ ತಲೆ ಅಭ್ಯಾಸಬಲದಿಂದ ಬಗ್ಗಿತು. ರುಮಾಲು ಸುತ್ತಿ ಮುಗಿಯುವ ಹೊತ್ತಿಗೆ ಅವರ ಮುಖದಲ್ಲಿ ಏನೋ ಹೊಳೆದಂತಾಯಿತು. ಆದರೆ ಅಷ್ಟರಲ್ಲಿ ಅವರ ಆಳುಗಳೇ ಎತ್ತಿಗೆ ಗುಲಾಲು ಎರಚಿ ಕುಣಿಯುತ್ತಿದ್ದರು.

ಮುಂದಿನ ಸಂತೆಯಲ್ಲಿ ಆ ಆಳುಗಳು, "ನಮ್ಮ ಎತ್ತು ಎರಡೂರ ಕರಿ ಹರದೈತಿ" ಎಂದು ಸಿಂದಗಿಯ ತುಂಬ ಹೇಳಿಕೊಂಡು ತಿರುಗಿದರು. ಕಾಕಾ ಅದನ್ನೇ ಸಾಕ್ಷಿ ಮಾಡಿ ಹೊಸ ಅರ್ಜಿ ಬರೆದು ಗೌಡರ ಮುಂದಿಟ್ಟರು. ಸಹಿ ಮಾಡಿದರೆ ವಸ್ತಿ ಊರಾಗುತ್ತದೆ. ಮಾಡದಿದ್ದರೆ ಎತ್ತು ಹರಿದದ್ದು ಕರಿಯಲ್ಲ, ಬರೀ ಹಗ್ಗ. ಗೌಡರು ಒಂದು ದಿನ ಊಟ ಬಿಟ್ಟರು. ಎರಡನೆಯ ದಿನ, "ಎತ್ತಿನ ಮಾನದ ಪ್ರಶ್ನಿ" ಎಂದು ಸಹಿ ಹಾಕಿದರು. ಎರಡು ವರ್ಷ ಕಚೇರಿಗೆ ತಿರುಗಿದ ಮೇಲೆ ಶಾಲೆ ಬಂತು.

ನಾನು ಕಾಕಾನನ್ನು ಕಡೆಯ ಸಲ ಕಂಡದ್ದು ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ. ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಹೇಳಿಬಿಟ್ಟೆ. "ಕಾಕಾ, ಅವತ್ತ ಕರಿ ಹರೀಲಿಲ್ಲ. ನಾ ಅಂಜಿ ಕೈ ಬಿಟ್ಟೆ."

"ಗೊತ್ತೈತಿ" ಎಂದರು. "ಇಡೀ ಹಗ್ಗ ನನ್ನ ಕಾಲಾಗ ಬಿದ್ದಿತ್ತು. ಧೂಳಿನಾಗ ನಾನ ಕುಡಗೋಲಿಲೆ ಕೊಯ್ದೆ."

"ಮತ್ತ ಕೂಸು ಮೊದಲ ಹುಟ್ಟತೈತಿ, ಒಪ್ಪಿಗಿ ಆಮ್ಯಾಲಿಂದು ಅಂತಿದ್ರಿ?"

"ಹುಟ್ಟತೈತೋ. ಒಂದೊಂದ ಸಲ ಸೂಲಗಿತ್ತಿ ಕೈ ಹಾಕಬೇಕಾಗತೈತಿ." ನನ್ನ ಬಸ್ಸು ಬಂದಿತ್ತು. ಹತ್ತಿಸುತ್ತ, "ಇದನ್ನ ಮಾಸ್ತರ ಮುಂದ ಹೇಳಬ್ಯಾಡ. ಈಗಷ್ಟ ಬಂದಾನ, ಓಡಿ ಹೋದಾನು" ಎಂದರು.

ಮರುವರ್ಷದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಗೌಡರೂ ಬಂದರು. ಸಾವಾದಲ್ಲಿ ಒಲೆ ಹೊತ್ತಿಸುವುದಿಲ್ಲ, ಬೇರೆ ಊರವರು ಬುತ್ತಿ ತರುವುದು ನಮ್ಮ ಕಡೆಯ ರೂಢಿ. ತಿರುಗಿ ಹೋಗುವಾಗ ನನ್ನ ಹತ್ತಿರ ನಿಂತು, "ಇವತ್ತ ನಿಮ್ಮೂರಿಗೆ ನಮ್ಮೂರಿಂದ ಬುತ್ತಿ ಬರತೈತಿ, ಯಾರರೆ ಇಳಿಸಿಕೊಳ್ರಿ" ಎಂದರು. ಮಧ್ಯಾಹ್ನ ರೊಟ್ಟಿಯ ಬುಟ್ಟಿ ಹೊತ್ತವರು ಹಳ್ಳ ದಾಟಿ ಬಂದು ಬನ್ನಿಗಿಡದ ಹತ್ತಿರ ನಿಂತರು, ಕರೆಯುವ ತನಕ ಮುಂದೆ ಬರಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೊರಗಿನವರ ಜೊತೆ ಮಾತಾಡಲು ನಮಗಿದ್ದದ್ದು ಕಾಕಾನ ಬಾಯಿ ಒಂದೇ. ಕಡೆಗೆ ನಾನೇ ಎದ್ದು ಹೋಗಿ, "ಬರ್ರಿ" ಎಂದೆ.