ತಾಯಿಯ ಮತಗಟ್ಟೆ

ರಾಟರ್‌ಡ್ಯಾಮ್ ಬಂದರಿನ ಆಫೀಸಿನಲ್ಲಿ ದಿನವಿಡೀ ಕಂಟೇನರುಗಳ ತಕರಾರು ಕೇಳಿ ಜೂಟರ್‌ಮೀರ್‌ನ ಮನೆ ಸೇರುವಷ್ಟರಲ್ಲಿ, ಇನ್ನೊಬ್ಬರ ಮಾತು ಕೇಳುವ ತ್ರಾಣ ನನ್ನಲ್ಲಿ ಉಳಿದಿರುತ್ತಿರಲಿಲ್ಲ. ಅದೇ ಹೊತ್ತಿಗೆ ಪಕ್ಕದ ಮನೆಯ ಹೆಂಗಸು ನಮ್ಮ ಸೋಫಾದ ಮೇಲೆ ಕೂತಿರುತ್ತಿದ್ದರು. ಅರವತ್ತು ದಾಟಿದ ಆಕೆ ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದವರು. ದ್ವೀಪ ಡಚ್ಚರ ರಾಜ್ಯಕ್ಕೇ ಸೇರಿದ್ದು, ಆದರೆ ಅದಕ್ಕೆ ಅದರದೇ ಶಾಸನಸಭೆ, ಅದರದೇ ಚುನಾವಣೆ. ಆ ಸಲ ಆಕೆಯ ತಮ್ಮ ಚುನಾವಣೆಗೆ ನಿಂತಿದ್ದ.

ಅಲ್ಲಿ ವಾಸವಿಲ್ಲದವರಿಗೆ ಅಲ್ಲಿ ಮತವೂ ಇಲ್ಲ. ಹಾಗಾಗಿ ಆಕೆಯ ಜೀವವೆಲ್ಲ ಊರಲ್ಲಿದ್ದ ಅಮ್ಮನ ಒಂದು ಮತದ ಮೇಲೆ. ಆ ಅಮ್ಮನೋ ಹರೆಯದಿಂದಲೂ ಬೇರೆ ಪಕ್ಷಕ್ಕೇ ಹಾಕುತ್ತ ಬಂದವರು. ಮಗಳು ದಿನಾ ಫೋನು ಮಾಡುತ್ತಿದ್ದರು, ಅಮ್ಮ ದಿನಾ "ಆಯ್ತು, ಆಯ್ತು" ಎನ್ನುತ್ತಿದ್ದರು.

"ಈ ಸಲ ಅಮ್ಮ ಹಾಕೋದು ಅವಳ ವೋಟಲ್ಲ, ನನ್ನದು," ಎಂದು ಆಕೆ ನನಗೆ ಡಚ್ಚಿನಲ್ಲಿ ಹೇಳುತ್ತಿದ್ದರು.

ಅದನ್ನು ನಾನು ಕನ್ನಡಕ್ಕೆ ತಂದು ಅತ್ತೆಗೆ ಹೇಳಬೇಕು. ಆಫೀಸಿನಲ್ಲಿ ಸಿಗದ ಬಡ್ತಿ ಮನೆಯಲ್ಲಿ ಸಿಕ್ಕಿತ್ತು, ದುಭಾಷಿ ಹುದ್ದೆ. ಧಾರವಾಡದಿಂದ ನಮ್ಮಲ್ಲಿಗೆ ಬಂದಿದ್ದ ಅತ್ತೆ ಊರಿನ ಪಂಚಾಯಿತಿ ಚುನಾವಣೆಗಳಲ್ಲಿ ಪಳಗಿದ ಜೀವ. ನನ್ನ ಸುಸ್ತು ಅವರ ಕಣ್ಣಿಗೆ ಬೀಳುವಂಥದ್ದಲ್ಲ.

ಒಂದು ಸಂಜೆ ಪಕ್ಕದ ಮನೆಯಾಕೆ ಫೋನಿನಲ್ಲಿ ತಮ್ಮನ ಮೆರವಣಿಗೆ ತೋರಿಸಿದರು. ಸಾಲು ಸಾಲು ಕಾರು, ನೇರಳೆ ಬಾವುಟ, ಮುಂದಿನ ಲಾರಿಯ ಮೇಲೆ ಕೈ ಬೀಸುತ್ತಿರುವ ತಮ್ಮ. ಅತ್ತೆ ಕನ್ನಡಕ ಏರಿಸಿ ನೋಡಿದರು.

"ಇಂವಾ ಅವ್ವನ ಮನಿಗೆ ಹೋಗಿ ಓಟು ಕೇಳ್ಯಾನೇನು, ಕೇಳು."

"ಸ್ವಂತ ಅಮ್ಮ ಅಲ್ವಾ ಅತ್ತೆ, ಅದ್ರಲ್ಲಿ ಕೇಳೋದೇನಿದೆ?"

"ಕೇಳಬೇಕವಾ. ನಮ್ಮ ಕಡೆ ನಿಂತಾಂವ ಮೊದಲ ತನ್ನ ಮನ್ಯಾಗ ಕೇಳತಾನ, ಆಮ್ಯಾಲೆ ಓಣ್ಯಾಗ. ಅಳದಿದ್ರ ಹಡೆದವ್ವನೂ ಹಾಲು ಕೊಡೂದಿಲ್ಲ."

ನಿಟ್ಟುಸಿರು ಬಿಟ್ಟು ಅಷ್ಟನ್ನೂ ಡಚ್ಚಿಗೆ ಇಳಿಸಿದೆ. ಆಕೆ ನಕ್ಕುಬಿಟ್ಟರು. ಆ ಬೀದಿಯಲ್ಲೇ ಹುಟ್ಟಿ ಬೆಳೆದವನು ತಮ್ಮ, ಬಾಗಿಲು ಬಾಗಿಲು ತಟ್ಟಬೇಕಾದದ್ದು ಗುರುತಿಲ್ಲದವರ ಕಡೆ ಎಂದರು. ಅತ್ತೆ ಕನ್ನಡಕ ತೆಗೆದಿಟ್ಟು ಮಾತು ಅಲ್ಲಿಗೇ ಬಿಟ್ಟರು. ನನಗೂ ಅದೇ ಬೇಕಿತ್ತು.

ಮತದಾನದ ಮರುದಿನ ಶನಿವಾರ. ವಾರವಿಡೀ ಕಾದ ರಜೆಯ ಬೆಳಗ್ಗೆ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಾಗ ಆಕೆ ಬಂದರು. ತಮ್ಮ ಸೋತಿದ್ದ. ಅದಕ್ಕೆ ಅವರು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದರು. ಆದರೆ ಅಲ್ಲಿ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಎಂಬುದನ್ನೂ ಪ್ರಕಟಿಸುತ್ತಾರೆ. ತಮ್ಮ ಈಗಿರುವುದು, ಮತ ಹಾಕುವುದು ದ್ವೀಪದ ಇನ್ನೊಂದು ತುದಿಯಲ್ಲಿ; ಅಮ್ಮನ ಮತಗಟ್ಟೆ ಅವರ ಬೀದಿಯ ಕೊನೆಯಲ್ಲಿರುವ ಶಾಲೆ. ಅಲ್ಲಿ ತಮ್ಮನ ಹೆಸರಿನ ಮುಂದೆ ಸೊನ್ನೆ ಇತ್ತು. ಆಕೆ ಫೋನನ್ನು ನನ್ನ ಕೈಗಿಟ್ಟು, "ನೀನೂ ಒಂದ್ಸಲ ನೋಡು," ಎಂದರು. ನೋಡಿದೆ. ಸೊನ್ನೆಯೇ.

ದ್ವೀಪದಲ್ಲಿ ಇನ್ನೂ ಬೆಳಗಾಗಿರಲಿಲ್ಲ. ಅಲ್ಲಿ ಬೆಳಗಾಗುವ ತನಕ ಆಕೆ ನಮ್ಮಲ್ಲೇ ಕೂತರು. ಸಮಾಧಾನ ಹೇಳಲು ನನ್ನ ಡಚ್ಚೂ ಸಾಲದು, ಕನ್ನಡವೂ ಸಾಲದು. ಚಹಾ ಮಾಡಿದೆ, ಮತ್ತೆ ಮಾಡಿದೆ. ಕಡೆಗೆ ಆಕೆ ಅಮ್ಮನಿಗೆ ಫೋನು ಮಾಡಿ ತಮ್ಮೂರಿನ ಭಾಷೆಯಲ್ಲಿ ಮಾತಾಡಿದರು. ಜೋರಿಲ್ಲ, ಅಳುವಿಲ್ಲ. ಫೋನಿಟ್ಟ ಮೇಲೆ ನನಗೆ ಹೇಳಿದರು.

"ಮೆರವಣಿಗೆ ಅಮ್ಮನ ಗೇಟಿನ ಮುಂದೇನೇ ಹೋಯ್ತಂತೆ. ಎಲ್ಲರಿಗೂ ಬೀಸಿದ ಹಾಗೆ ಅಮ್ಮಂಗೂ ಕೈ ಬೀಸಿದನಂತೆ. ನಾನು ದಿನಾ ಕೇಳಿದ್ನಲ್ಲಮ್ಮಾ ಅಂದೆ. ಕೇಳಿದವಳು ನೀನು, ನಿಂತವನು ಅವನು ಅಂದ್ಲು."

ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ನಾ ಹೇಳಿರಲಿಲ್ಲವೇ ಎನ್ನುತ್ತಾರೆಂದು ಕಾದೆ. ಅತ್ತೆ ಉಪ್ಪಿಟ್ಟಿನ ತಟ್ಟೆಯನ್ನು ಆಕೆಯ ಕಡೆಗೆ ಸರಿಸಿ, ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲೇ ಕೂತರು.

ಆಕೆ ಒಂದು ತುತ್ತು ತೆಗೆದುಕೊಳ್ಳುವಷ್ಟರಲ್ಲಿ ಫೋನು ಬಂತು. ತಮ್ಮ. ಅವನೂ ಆ ಸೊನ್ನೆಯನ್ನು ನೋಡಿದ್ದ. ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಆಕೆ ಫೋನಿನ ಬಾಯಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದರು.

"ಅಮ್ಮ ಯಾಕೆ ಹೀಗೆ ಮಾಡಿದ್ಲು ಅಂತ ನಾನು ಕೇಳಿ ಹೇಳ್ಬೇಕಂತೆ."

ಅಂಗೈ ತೆಗೆದು ತಮ್ಮನಿಗೆ ಎರಡೇ ಮಾತು ಹೇಳಿ ಇಟ್ಟುಬಿಟ್ಟರು. ಏನೆಂದಿರಿ ಎಂದು ಕೇಳಿದೆ.

"ನೀನೇ ಹೋಗು ಅಂದೆ."